ಕಾಲು ನೋಡಬೇಡಿ ಮಾವ, ಬೆಟ್ಟ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋದಲ್ಲಿ ನಾನು 7 ಸಲ ನೀರಿಗೆ ಬೀಳುತ್ತೇನೆ. ಎಂಟನೆಯದು ಕ್ಯಾಮೆರಾಗೆ ಸಿಕ್ಕಿಲ್ಲ, ಪುಣ್ಯ.

ಇದು ವರುಣಾ ಕೆರೆ. ಮೈಸೂರಿಂದ ಟಿ. ನರಸೀಪುರ ರಸ್ತೆ ಹಿಡಿದರೆ ಸಿಗುತ್ತದೆ. ಕಯಾಕ್ ಅಂದರೆ ಕೂತು ನಡೆಸುವ ಕಿರಿದಾದ ದೋಣಿ, ಅದರ ಹುಟ್ಟಿಗೆ ಎರಡೂ ತುದಿಯಲ್ಲಿ ಬ್ಲೇಡ್, ಅಂದರೆ ನೀರು ತಳ್ಳುವ ಅಗಲ ಹಲಗೆ. ನಾಲ್ಕು ವರ್ಷದಿಂದ ಅದನ್ನು ನಡೆಸುತ್ತಿದ್ದೇನಲ್ಲ, ಹಲಗೆ ಮೇಲೆ ನಿಂತು ಒಂದೇ ಬ್ಲೇಡಿನ ಹುಟ್ಟು ಹಾಕುವ ಪ್ಯಾಡಲ್‌ಬೋರ್ಡ್ ಏನು ಮಹಾ ಅಂದುಕೊಂಡೇ ಬಂದೆ. ಬೋರ್ಡ್ ಅಕ್ಕನ ಮಗನದು, ಗಾಳಿ ತುಂಬುವಂಥದ್ದು, ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ. ಕೈಪಂಪಿನಲ್ಲಿ ಗಾಳಿಯ ಒತ್ತಡ 15 ಪಿಎಸ್‌ಐಗೆ ಬರುವಷ್ಟರಲ್ಲಿ ನನ್ನ ಗಾಳಿಯೇ ಹೋಗಿತ್ತು.

ಪ್ಯಾಡಲ್, ಅಂದರೆ ಹುಟ್ಟು, ಎತ್ತಿಕೊಂಡ ತಕ್ಷಣ ಹುಡುಗ ನಕ್ಕ. "ಮಾವ, ಉಲ್ಟಾ ಹಿಡ್ಕೊಂಡಿದ್ದೀರ." ನೋಡಿ, ಇದರ ಬ್ಲೇಡ್ ಕೋಲಿಗೆ ನೇರವಾಗಿಲ್ಲ, ಸ್ವಲ್ಪ ಬಾಗಿದೆ. ಆ ಬಾಗು ಮುಂದಕ್ಕೆ ಇರಬೇಕು. ಕಯಾಕಿನಲ್ಲಿ ತಗ್ಗಾದ ಮುಖ ನಮ್ಮ ಕಡೆ ಇಟ್ಟು ಎಳೆದ ಕೈಗೆ ಇದು ತಪ್ಪು ಅನ್ನಿಸುತ್ತದೆ. ಆದರೆ ಹೀಗೆ ಹಿಡಿದರೇನೇ ಎಳೆತದ ಕೊನೆವರೆಗೂ ಬ್ಲೇಡ್ ನೆಟ್ಟಗೆ ನಿಂತಿರುತ್ತದೆ, ಇಲ್ಲದಿದ್ದರೆ ಸುಮ್ನೆ ನೀರು ಮೇಲೆತ್ತುತ್ತಾ ಇರಬೇಕಾಗುತ್ತದೆ.

ಮಂಡಿಯೂರಿ ಕೂತಾಗ ಎಲ್ಲ ಚೆನ್ನಾಗಿತ್ತು. ಎದ್ದು ನಿಂತೆ, ಬಲಕ್ಕೆ ಒಂದು ಎಳೆತ ಎಳೆದೆ, ಆಮೇಲೆ ನನ್ನ ಎಡಗೈ ತನ್ನಷ್ಟಕ್ಕೆ ತಾನೇ ಕೆಳಗಿಳಿದು ಎಡಗಡೆಯ ಬ್ಲೇಡನ್ನು ನೀರಿಗೆ ಹಾಕಲು ಹೋಯಿತು, ಆದರೆ ಅಲ್ಲಿ ಬ್ಲೇಡ್ ಎಲ್ಲಿದೆ, ಇರುವುದು ಬರೀ ಹಿಡಿ! ಗಾಳಿಗೆ ಚುಚ್ಚಿದೆ, ಪೂರ್ತಿ ಮೈ ಅದರ ಹಿಂದೆ ಹೋಯಿತು. ಮೊದಲ ಮೂರು ಸಲ ಬಿದ್ದಿದ್ದೆಲ್ಲ ಹೀಗೇ. ನಾಲ್ಕು ವರ್ಷದ ಅಭ್ಯಾಸ ಅಲ್ವಾ, ಕೈ ಮಾತು ಕೇಳುವುದಿಲ್ಲ. ಸಂಗಮದಲ್ಲಿ ತೆಪ್ಪದವರು ಒಂದೇ ಹುಟ್ಟಿನಲ್ಲಿ ಆ ದುಂಡಗಿನ ತೆಪ್ಪವನ್ನೇ ನೆಟ್ಟಗೆ ಒಯ್ಯುತ್ತಾರೆ. ಅವರನ್ನು ಕರೆತಂದು ನಿಲ್ಲಿಸಿದ್ದರೆ ನನಗಿಂತ ಬೇಗ ಕಲಿಯುತ್ತಿದ್ದರು.

ಉಳಿದ ನಾಲ್ಕು ಸಲ ಬಿದ್ದಿದ್ದು ಕಾಲು ನೋಡಿಕೊಂಡು. ಕಯಾಕಿನಲ್ಲಿ ಸೊಂಟ ನೀರಿನ ಮಟ್ಟದಲ್ಲೇ ಇರುತ್ತದೆ, ದೋಣಿ ವಾಲಿದರೆ ಮಂಡಿ ಒತ್ತಿ ಸರಿಮಾಡಬಹುದು. ಇಲ್ಲಿ ಭಾರವೆಲ್ಲ ಮೇಲೆ. ಹುಡುಗ ಹೇಳಿದ, "ಕಾಲು ನೋಡಬೇಡಿ ಮಾವ, ಚಾಮುಂಡಿ ಬೆಟ್ಟ ನೋಡಿ." ನೋಡಿದೆ. ಮಂಡಿ ಸ್ವಲ್ಪ ಸಡಿಲ ಬಿಟ್ಟೆ. ನಡುಕ ನಿಂತಿತು, ನಿಜವಾಗಿಯೂ.

ಹಾಗಂತ ಕಯಾಕ್ ಕಲಿತದ್ದು ಪೂರ್ತಿ ದಂಡವಾಗಲಿಲ್ಲ. ತೋಳಿನಿಂದ ಎಳೆಯದೆ ಮೈ ತಿರುಗಿಸಿ ಎಳೆಯುವುದು ಎರಡಕ್ಕೂ ಒಂದೇ. ಹಿಮ್ಮಡಿ ಹತ್ತಿರ ಬಂದ ಕೂಡಲೇ ಬ್ಲೇಡ್ ಎತ್ತಬೇಕು ಅಷ್ಟೇ. ಅದಕ್ಕಿಂತ ಹಿಂದಕ್ಕೆ ಎಳೆದರೆ ಬೋರ್ಡಿನ ಮೂತಿ ತಿರುಗುತ್ತದೆ.

ಬೋರ್ಡಿನಿಂದ ಕಾಲಿಗೆ ಕಟ್ಟಿರುವ ಈ ಹಗ್ಗ ಇಂಥ ನಿಂತ ನೀರಿಗೆ ಮಾತ್ರ. ಹರಿಯುವ ಹೊಳೆಯಲ್ಲಿ ಕಾಲಿಗೆ ಕಟ್ಟಬೇಡಿ, ಬಂಡೆಗೋ ಕೊಂಬೆಗೋ ಸಿಕ್ಕಿಕೊಂಡರೆ ಬಿಡಿಸಲು ಕೈ ಎಟುಕುವುದಿಲ್ಲ. ಸೊಂಟದಲ್ಲಿ ತಟ್ಟನೆ ಕಳಚುವಂಥದ್ದು ಬೇಕು. ಲೈಫ್ ಜಾಕೆಟ್ ಎರಡೂ ಕಡೆ ಬೇಕೇ ಬೇಕು.

ಹತ್ತು ಗಂಟೆಗೆ ಗಾಳಿ ಎದ್ದಿತು. ನಿಂತರೆ ನಾನೇ ಹಾಯಿ, ಎಷ್ಟು ಎಳೆದರೂ ದಡ ಅಷ್ಟೇ ದೂರ. ಮತ್ತೆ ಮಂಡಿಯೂರಿದೆ. ಪಕ್ಕದಲ್ಲಿ ನನ್ನ ಕಯಾಕಿನಲ್ಲಿ ಆರಾಮಾಗಿ ಕೂತು ಹುಡುಗ ದಾಟಿ ಹೋದ. "ತಿಂಡಿಗೆ ಏನ್ ಹೇಳ್ಲಿ ಮಾವ?"