ಹೆಸರೇ ಗುರುತು ಹೇಳಿದ ಕೈದಿ

ಕೇಳುಗರಿಗೆ ನಮಸ್ಕಾರ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮನ್‌ಗಳ ತರಬೇತಿ ಶಾಲೆ ಇದೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಸೈನ್ಯದ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. ಹಾಗಿದ್ದೂ ಕೊಡಗಿನ ನಂದಾ ಕಾರ್ಯಪ್ಪನವರ ಪ್ರಸ್ತಾಪ ಬಂದಾಗಲೆಲ್ಲ ನಾವು ಹೇಳುವುದು ಅವರ ತಂದೆ, ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಜನರಲ್ ಕಾರ್ಯಪ್ಪನವರ ಕಥೆಯನ್ನು. ಇವತ್ತು ಮಗನ ಸೇವೆಯ ಬಗ್ಗೆ ಮಾತನಾಡುತ್ತೇನೆ.

1965ರ ಸೆಪ್ಟೆಂಬರ್ 22ರಂದು, ಭಾರತ-ಪಾಕಿಸ್ತಾನ ಯುದ್ಧದ ಕದನವಿರಾಮಕ್ಕೆ ಒಂದು ದಿನವೂ ಉಳಿದಿರದಿದ್ದಾಗ, 27 ವರ್ಷದ ಈ ಪೈಲಟ್ 20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನದಲ್ಲಿ ದಾಳಿಗೆ ಹೊರಟರು. ಹಂಟರ್ ಒಬ್ಬನೇ ಕೂರುವ ಜೆಟ್. ನೆಲದ ಗುರಿಗೆ ಹೊಡೆಯಬೇಕಾದರೆ ತೀರ ಕೆಳಗೆ ಇಳಿಯಬೇಕು, ಇಳಿದರೆ ವಿಮಾನವಿರೋಧಿ ತೋಪುಗಳ ಬಾಯಿಗೆ ಬಿದ್ದಂತೆಯೇ. ಅವರ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಸಿಡಿಮದ್ದಿನ ಬಲದಿಂದ ಆಸನಸಮೇತ ಹೊರಕ್ಕೆ ಚಿಮ್ಮುವಾಗ ದೇಹದ ಭಾರ ಒಮ್ಮೆಲೇ ಹಲವು ಪಟ್ಟಾಗಿ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಪ್ರಾಣ ಉಳಿಯಿತು, ಬೆನ್ನಿಗೆ ಪೆಟ್ಟಾಯಿತು, ಇಳಿದದ್ದು ಶತ್ರುವಿನ ನೆಲದಲ್ಲಿ.

ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಯು ತನ್ನ ಹೆಸರು, ಹುದ್ದೆ, ಸೇವಾಸಂಖ್ಯೆ, ಜನ್ಮದಿನಾಂಕ ಹೇಳಿದರೆ ಸಾಕು. ಇವರ ವಿಷಯದಲ್ಲಿ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿತು, ಏಕೆಂದರೆ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಜನರಲ್ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಬಿಡುಗಡೆ ಮಾಡುತ್ತೇವೆ ಎಂಬ ಮಾತು ತಂದೆಗೆ ತಲುಪಿತೆಂದೂ, ಎಲ್ಲ ಕೈದಿಗಳೂ ತಮ್ಮ ಮಕ್ಕಳೇ ಎಂದು ಅವರು ನಿರಾಕರಿಸಿದರೆಂದೂ ಹೇಳುತ್ತಾರೆ. ಆ ಮಾತಿನ ಘನತೆ ದೊಡ್ಡದೇ. ಆದರೆ ಅದರ ಬೆಲೆ ತೆತ್ತವರು ಆಸ್ಪತ್ರೆಯಲ್ಲಿ ಬೆನ್ನುನೋವಿನಿಂದ ಮಲಗಿದ್ದ ಮಗ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಯೂಬರ ಪತ್ನಿಯೂ ಮಗನೂ ಸಿಗರೇಟು ಮತ್ತು ಒಂದು ಇಂಗ್ಲಿಷ್ ಕಾದಂಬರಿ ಹಿಡಿದು ತಮ್ಮನ್ನು ನೋಡಲು ಬಂದಿದ್ದರೆಂದು ನಂದಾ ಅವರೇ ಹೇಳಿಕೊಂಡಿದ್ದಾರೆ. ಯುದ್ಧದ ನಡುವೆಯೂ ಹಳೆಯ ಪರಿಚಯ ಪೂರ್ತಿ ಹರಿದಿರಲಿಲ್ಲ!

1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದಲ್ಲಿ ಕೈದಿಗಳ ಮರಳಿಕೆಯ ಮಾತೂ ಇತ್ತು. ಅದೇ ತಿಂಗಳು ಅವರು ಉಳಿದವರೊಂದಿಗೆ ತಾಯ್ನಾಡಿಗೆ ಬಂದರು. ಸೆರೆಯಲ್ಲಿದ್ದದ್ದು ಸುಮಾರು ನಾಲ್ಕು ತಿಂಗಳು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆಮೇಲಿನ ಸುಮಾರು ಮೂರು ದಶಕಗಳು. ಬೆನ್ನಿಗೆ ಪೆಟ್ಟಾದ ಪೈಲಟ್‌ಗೆ ನೆಲದ ಮೇಲಿನ ಕೆಲಸ ಕೇಳಿಕೊಂಡು ಉಳಿಯಲು ಸಾಕಷ್ಟು ಕಾರಣವಿತ್ತು. ಅವರು ಮತ್ತೆ ಹಾರಾಟಕ್ಕೇ ಹಿಂತಿರುಗಿ, ಹಂತಹಂತವಾಗಿ ಮೇಲೇರಿ, ಏರ್ ಮಾರ್ಷಲ್ ಹುದ್ದೆಯಲ್ಲಿದ್ದಾಗ ನಿವೃತ್ತರಾದರು.