ಕಿಣ್ವದ ವೇಗ: ಮೊದಲ ನಿಮಿಷದ ಲೆಕ್ಕ

ಕೇಳುಗರಿಗೆ ನಮಸ್ಕಾರ. ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಬೇಳೆ ಮಿಲ್ಲಿನ ಹತ್ತಿರ ನಿಂತು ನೋಡಿ. ಚೀಲ ಕಡಿಮೆ ಬಂದ ದಿನ ಎಷ್ಟು ಬೇಳೆ ಒಡೆಯಿತು ಎನ್ನುವುದು ಬಂದ ಚೀಲದ ಲೆಕ್ಕ. ಲಾರಿಗಟ್ಟಲೆ ಬಂದ ದಿನ ಯಂತ್ರದ ತಾಕತ್ತೇ ಮಿತಿ. ಜೀವಕೋಶದ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಕಿಣ್ವವೂ ಹೆಚ್ಚುಕಡಿಮೆ ಹೀಗೇ. ಆದರೆ ಮಿಲ್ಲಿನಂತೆ ತಟ್ಟನೆ ಮಿತಿ ಮುಟ್ಟುವುದಿಲ್ಲ, ಮೆಲ್ಲಗೆ ಬಾಗುತ್ತಾ ಹೋಗುತ್ತದೆ. ಅಣುಗಳು ಅದರ ಮುಂದೆ ಸಾಲುಗಟ್ಟಿ ನಿಲ್ಲುವುದಿಲ್ಲವಲ್ಲ, ದ್ರಾವಣದಲ್ಲಿ ಅಲೆಯುತ್ತಾ ಸಿಕ್ಕಾಗ ಸಿಗುತ್ತವೆ.

ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಒಡೆಯುವ ವಸ್ತು, ಹೆಚ್ಚಿದಂತೆ ವೇಗ ಏರುವ ಆ ಬಾಗಿದ ಗೆರೆಯ ಸಮೀಕರಣವನ್ನು ವಿಜ್ಞಾನಿಗಳಾದ ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಪ್ರಕಟಿಸಿದರು. ಗರಿಷ್ಠ ವೇಗ ವಿ-ಮ್ಯಾಕ್ಸ್. ಅದರ ಅರ್ಧ ವೇಗ ಸಿಗುವ ಸಬ್‌ಸ್ಟ್ರೇಟ್ ಸಾಂದ್ರತೆ ಕೆ-ಎಮ್. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ, ಎಡವುವುದು ಅಳೆಯುವಾಗ.

ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ತೆಗೆದುಕೊಳ್ಳಿ. ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟ್ ಎಂಬ ಸಬ್‌ಸ್ಟ್ರೇಟನ್ನು ಅದು ಒಡೆದರೆ ಹಳದಿ ಬಣ್ಣ ಬರುತ್ತದೆ. ಆ ಬಣ್ಣ ಎಷ್ಟು ಬೆಳಕು ಹೀರಿತು ಎಂಬ ಅಳತೆಯನ್ನು, ಅಂದರೆ ಅಬ್ಸಾರ್ಬೆನ್ಸನ್ನು, 405 ನ್ಯಾನೋಮೀಟರ್ ತರಂಗಾಂತರದಲ್ಲಿ ಓದುತ್ತೇವೆ. ಪಿಎಚ್ 10ರ ಹತ್ತಿರ, 1 ಸೆಂಟಿಮೀಟರ್ ಅಗಲದ ಕ್ಯುವೆಟ್ ಎಂಬ ಪಾರದರ್ಶಕ ಪುಟ್ಟ ಪಾತ್ರೆಯಲ್ಲಿ, 1 ಮಿಲಿಮೋಲಾರ್ (ಸಾಂದ್ರತೆಯ ಅಳತೆ, ಅದರ ಸಾವಿರದಲ್ಲೊಂದು ಪಾಲು ಮೈಕ್ರೋಮೋಲಾರ್) ಬಣ್ಣಕ್ಕೆ ಸುಮಾರು 18.5 ಅಬ್ಸಾರ್ಬೆನ್ಸ್. ನಿಮಿಷಕ್ಕೆ 0.185 ಏರಿದರೆ ವೇಗ ನಿಮಿಷಕ್ಕೆ 10 ಮೈಕ್ರೋಮೋಲಾರ್. ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣವಾದ ಬಫರಿಗೆ ಫಾಸ್ಫೇಟ್ ಮಾತ್ರ ಬೇಡ. ಅದು ಈ ಕ್ರಿಯೆಯಲ್ಲೇ ಹುಟ್ಟುವ ವಸ್ತು, ಕಿಣ್ವವನ್ನು ತಡೆಯುತ್ತದೆ. ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಕೂಡ ಬೇಡ, ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಮ್ಮನ್ನು ಕಿತ್ತುಕೊಳ್ಳುತ್ತದೆ. ಕಿಣ್ವ ಹಾಕದ ಒಂದು ಕ್ಯುವೆಟ್ ಪಕ್ಕದಲ್ಲಿರಲಿ, ಸಬ್‌ಸ್ಟ್ರೇಟ್ ತಾನಾಗಿಯೂ ಚೂರು ಒಡೆಯುತ್ತದೆ.

ಲೆಕ್ಕಕ್ಕೆ ವಿ-ಮ್ಯಾಕ್ಸ್ ನಿಮಿಷಕ್ಕೆ 20 ಮೈಕ್ರೋಮೋಲಾರ್, ಕೆ-ಎಮ್ 0.2 ಮಿಲಿಮೋಲಾರ್ ಇರಲಿ. ಸಬ್‌ಸ್ಟ್ರೇಟ್ 1.8 ಮಿಲಿಮೋಲಾರ್ ಇಟ್ಟರೆ ವೇಗ 18. ನಾಲ್ಕೈದು ನಿಮಿಷ ಅಬ್ಸಾರ್ಬೆನ್ಸಿನ ಗೆರೆ ನೆಟ್ಟಗೇ ಏರುತ್ತದೆ. 0.02 ಇಟ್ಟರೆ ವೇಗ 1.8. ಅಂದರೆ ಒಂದು ನಿಮಿಷ ಚಿಲ್ಲರೆಯಲ್ಲೇ ಸಬ್‌ಸ್ಟ್ರೇಟಿನ ನೂರಕ್ಕೆ ಹತ್ತು ಪಾಲು ಖರ್ಚಾಗಿ ಗೆರೆ ಬಾಗತೊಡಗುತ್ತದೆ. ಅಷ್ಟರಲ್ಲಿ ಅಬ್ಸಾರ್ಬೆನ್ಸ್ ಏರಿದ್ದು ಬರೀ 0.037. ಐದು ನಿಮಿಷ ಬಿಟ್ಟು ಒಂದೇ ಸಲ ಓದಿ ಐದರಿಂದ ಭಾಗಿಸುವವರಿಗೆ ಇಲ್ಲಿ ವೇಗ ಕಡಿಮೆ ಸಿಗುತ್ತದೆ, ಕೆ-ಎಮ್ ಉಬ್ಬುತ್ತದೆ. ಹತ್ತು ಸೆಕೆಂಡಿಗೊಮ್ಮೆ ಓದಿ, ಮೊದಲ ನೇರ ತುಂಡಿನ ಇಳಿಜಾರು ಮಾತ್ರ ತೆಗೆದುಕೊಳ್ಳಿ.

ಇನ್ನು ನಮ್ಮ ಬಿಸಿಲು. ಕ್ಯುವೆಟ್‌ಗಳನ್ನು ಒಂದೇ ಬಿಸಿಯಲ್ಲಿಡುವ ನೀರಿನ ತೊಟ್ಟಿ, ಅಂದರೆ ವಾಟರ್ ಬಾತ್‌ನಲ್ಲಿ ಇರುವುದು ಹೀಟರ್ ಒಂದೇ, ತಣ್ಣಗೆ ಮಾಡುವ ಸಾಧನವಿಲ್ಲ. ಮೇ ತಿಂಗಳಲ್ಲಿ ಕೋಣೆಯೇ 41 ಡಿಗ್ರಿ ಇದ್ದರೆ 37ಕ್ಕೆ ತಿರುಗಿಸಿಟ್ಟ ಬಾತ್ ಕೂಡ ಸದ್ದಿಲ್ಲದೆ ಅತ್ತ ಏರುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಸಾಮಾನ್ಯವಾಗಿ ದುಪ್ಪಟ್ಟಿನ ಆಸುಪಾಸು. ಬೆಳಗಿನ ಓದಿಗೂ ಮಧ್ಯಾಹ್ನದ ಓದಿಗೂ ತಾಳೆಯಾಗುವುದಿಲ್ಲ. ಡಯಲ್ ನಂಬಬೇಡಿ, ನೀರಿನೊಳಗೆ ಥರ್ಮಾಮೀಟರ್ ಅದ್ದಿ ನೋಡಿ. ಕಿಣ್ವ ಐಸ್ ಡಬ್ಬಿಯಲ್ಲಿರಲಿ, ಕೊನೆಗೆ ಹಾಕಿ.

ಓದು ಮುಗಿದ ಮೇಲೆ ಅನೇಕರು ಲೈನ್‌ವೀವರ್-ಬರ್ಕ್ ನಕ್ಷೆಗೆ ಕೈಹಾಕುತ್ತಾರೆ. ವೇಗವನ್ನೂ ಸಾಂದ್ರತೆಯನ್ನೂ ತಲೆಕೆಳಗು ಮಾಡಿ, ಅಂದರೆ ಒಂದನ್ನು ಅವುಗಳಿಂದ ಭಾಗಿಸಿ, ಬಾಗಿದ ಗೆರೆಯನ್ನು ನೇರ ಗೆರೆ ಮಾಡುವ ನಕ್ಷೆ ಅದು. 1934ರ ವಿಧಾನ, ಸ್ಕೇಲು-ಪೆನ್ಸಿಲ್ಲಿಗೆ ಹೇಳಿಮಾಡಿಸಿದ್ದು. ಆದರೆ ತಲೆಕೆಳಗು ಮಾಡಿದಾಗ ಏನಾಗುತ್ತದೆ ನೋಡಿ. 18ರ ಬದಲು 17.8 ಓದಿದರೆ 0.0556 ಹೋಗಿ 0.0562, ಕಣ್ಣಿಗೂ ಬೀಳದು. 1.8ರ ಬದಲು 1.6 ಓದಿದರೆ 0.556 ಹೋಗಿ 0.625. ತಪ್ಪು ಅಷ್ಟೇ, 0.2. ಆದರೆ ನಕ್ಷೆಯ ದೂರದ ತುದಿಯಲ್ಲಿ ಕೂತ ಆ ಒಂದು ಚುಕ್ಕೆ ಇಡೀ ಗೆರೆಯನ್ನು ತನ್ನತ್ತ ಎಳೆಯುತ್ತದೆ. ಈಗ ಕಂಪ್ಯೂಟರಿನಲ್ಲಿ ಬಾಗಿದ ಗೆರೆಯನ್ನೇ ನೇರವಾಗಿ ಹೊಂದಿಸಬಹುದು. ಹಳೆಯ ನಕ್ಷೆಯನ್ನು ಕಿಣ್ವವನ್ನು ತಡೆಯುವ ವಸ್ತು ಯಾವ ಬಗೆಯದು ಎಂದು ಒಂದು ನೋಟಕ್ಕೆ ತೋರಿಸಲು ಇಟ್ಟುಕೊಳ್ಳಿ, ಕೆ-ಎಮ್ ಬರೆಯಲು ಬೇಡ. ನಮಸ್ಕಾರ.