ಕೊನೆಗೆ ನೋಡಿಕೊಂಡರಾಯ್ತು ಅನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ ಗೋಕಾಕ, ಖಾನಾಪುರದಿಂದಲೂ ಬೆಳಗಾವಿಗೆ ಬಂದಿದ್ದೀರಿ, ಪೀಠಿಕೆ ಬೇಡ. ಶುಭ ಶುಕ್ರವಾರ ಹತ್ತಿರ ಬಂತೆಂದರೆ ನಮ್ಮಲ್ಲಿ ಒಂದು ಮಾತು ಓಡಾಡುತ್ತದೆ: "ಶಿಲುಬೆ ಮೇಲಿನ ಕಳ್ಳಗೇ ಕ್ಷಮೆ ಸಿಕ್ಕಿತು, ನಮಗ ಸಿಗೂದಿಲ್ಲೇನ್ರಿ? ಕೊನೆಗೆ ನೋಡಿಕೊಂಡರಾಯ್ತು." ನನ್ನ ತಕರಾರು, ಸಾಯುವಾಗ ಕ್ಷಮೆ ಕೇಳಿದರೆ ಸಾಕು ಅನ್ನುವ ಈ "ನೋಡಿಕೊಂಡರಾಯ್ತು" ಮೇಲೆ.

ಲೂಕನ ಸುವಾರ್ತೆಯ 23ನೇ ಅಧ್ಯಾಯ ನಿಮಗೆ ಬಾಯಿಪಾಠ: ಯೇಸುವಿನ ಎರಡೂ ಬದಿಗೆ ಒಬ್ಬೊಬ್ಬ ಕಳ್ಳನನ್ನು ಶಿಲುಬೆಗೆ ಹಾಕಿದ್ದರು. ಕ್ಷಮೆ ಸಿಕ್ಕ ಕಳ್ಳ ಮೊದಲು ಜೊತೆಗಾರನನ್ನು ಗದರಿಸಿದ. ನಮಗಾದ ಶಿಕ್ಷೆ ನ್ಯಾಯವೇ ಅಂದ. ಈ ಯೇಸು ಮಾತ್ರ ಏನೂ ತಪ್ಪು ಮಾಡಿಲ್ಲ ಅಂದ. ಅಷ್ಟಾದ ಮೇಲೆ "ನನ್ನನ್ನು ನೆನಪಿಸಿಕೋ" ಎಂದು ಕೇಳಿದ. ಇಳಿಸು ಅಂತ ಕೇಳಲಿಲ್ಲ. ಅದನ್ನು ಕೇಳಿದವನು ಆಚೆ ಬದಿಯವನು.

ಈಗ ಪಕ್ಕದಲ್ಲಿ ಸುವಾರ್ತೆ ಬರೆದ ಮಾರ್ಕನನ್ನೂ ಯೋಹಾನನನ್ನೂ ಇಟ್ಟುಕೊಳ್ಳಿ. ಮಾರ್ಕನ ಲೆಕ್ಕದಲ್ಲಿ ಶಿಲುಬೆಗೆ ಹಾಕಿದ್ದು ಬೆಳಿಗ್ಗೆ 9ಕ್ಕೆ, ಯೇಸು ಪ್ರಾಣ ಬಿಟ್ಟದ್ದು ಮಧ್ಯಾಹ್ನ 3ರ ಸುಮಾರಿಗೆ. ಇಷ್ಟು ಬೇಗ ಸತ್ತನೇ ಎಂದು ಮರಣದಂಡನೆ ಕೊಟ್ಟ ರೋಮನ್ ಅಧಿಪತಿ ಪಿಲಾತನಿಗೇ ಆಶ್ಚರ್ಯ. ಸಂಜೆಯಾದರೆ ಸಬ್ಬತ್, ಅಂದರೆ ಯೆಹೂದ್ಯರ ವಿಶ್ರಾಂತಿ ದಿನ, ಅಷ್ಟರೊಳಗೆ ಹೆಣ ಇಳಿಸಬೇಕು. ಅದಕ್ಕೇ ಸಿಪಾಯಿಗಳು ಬಂದು ಇಬ್ಬರು ಕಳ್ಳರ ಕಾಲು ಮುರಿದರು, ಬೇಗ ಸಾಯಲಿ ಅಂತ. ಯೇಸುವಿನ ಕಾಲು ಮುರಿಯಲಿಲ್ಲ, ಆಗಲೇ ಸತ್ತಿದ್ದ. ಇದು ಯೋಹಾನ 19.

ಅಂದರೇನಾಯ್ತು? ಕಳ್ಳ ಇನ್ನೂ ಬದುಕಿದ್ದ. "ಈಹೊತ್ತೇ ಪರದೈಸಿನಲ್ಲಿರುವಿ" ಎಂದು, ಅಂದರೆ ಇವತ್ತೇ ಸ್ವರ್ಗದಲ್ಲಿರುವಿ ಎಂದು, ಮಾತು ಕೊಟ್ಟ ಯೇಸು ಪಕ್ಕದಲ್ಲೇ ತಲೆ ಬಾಗಿಸಿ ಹೆಣವಾಗಿದ್ದಾನೆ. ಇನ್ನು ಯಾರನ್ನು ಕೇಳಬೇಕು? ಕ್ಷಮೆ ಸಿಕ್ಕಿದೆ, ಆದರೂ ಕಾಲು ಮುರಿಯುವವರು ಬಂದೇ ಬಂದರು. ಇದನ್ನು ಸುಲಭದ ದಾರಿ ಅನ್ನುವವರು ಆ ಕೊನೆಯ ತಾಸುಗಳನ್ನು ಓದಿಯೇ ಇಲ್ಲ. ಅವನಿಗೆ ಪ್ರಜ್ಞೆ ಇತ್ತು, ನಾಲಿಗೆ ಇತ್ತು. ಅದನ್ನು ಬಳಸಿಕೊಂಡ.

ನಾಲಿಗೆ ಇದ್ದೂ ಬೇರೆಯದಕ್ಕೆ ಬಳಸಿದವನು ಅರಸ ದಾವೀದ. ತನ್ನನ್ನು ಶಪಿಸಿದ ಶಿಮ್ಮಿಗೆ "ನೀನು ಸಾಯುವುದಿಲ್ಲ" ಎಂದು ಆಣೆ ಇಟ್ಟವನು, ಸಾಯುವ ಹಾಸಿಗೆಯಲ್ಲಿ ಮಗ ಸೊಲೊಮೋನನನ್ನು ಕರೆದು, ಶಿಮ್ಮಿಯ ನರೆತ ತಲೆ ಸುಮ್ಮನೆ ಸಮಾಧಿಗೆ ಇಳಿಯದಂತೆ ನೋಡಿಕೋ ಅನ್ನುತ್ತಾನೆ. ಅಂಗಡಿಯ ಉದ್ರಿ ವಹಿ ಮಗನ ಕೈಗೆ ಒಪ್ಪಿಸಿದ ಹಾಗೆ! ಅಷ್ಟು ಕೀರ್ತನೆ ಹಾಡಿದ ಬಾಯಿ. ಬೈಬಲು ಇದನ್ನು ಮುಚ್ಚಿಡಲಿಲ್ಲ, ಒಂದನೆಯ ಅರಸುಗಳು ಎರಡನೇ ಅಧ್ಯಾಯದಲ್ಲೇ ಇದೆ.

ಇನ್ನು ನಮ್ಮ ಮನೆಗಳಿಗೆ, ರೋಗಿಯ ಹಾಸಿಗೆಯ ಬಳಿಗೆ ಬರೋಣ. "ಫಾದರ್ ಬಂದರೆ ಅಜ್ಜಿ ಹೆದರಿಕೊಳ್ತಾಳೆ" ಅಂತ ತಡೆಯುತ್ತೀರಿ. ಐಸಿಯು ಸೇರಿ, ಗಂಟಲಿಗೆ ಕೊಳವೆ ಹಾಕಿದ ಮೇಲೆ ರಾತ್ರಿ ಫೋನು! ಯಾಕೋಬ 5:14 ಏನು ಹೇಳುತ್ತದೆ? ಅಸ್ವಸ್ಥನು ಸಭೆಯ ಹಿರಿಯರನ್ನು ಕರೆಸಲಿ. ಕರೆಸುವವನು ರೋಗಿ, ಅಂದರೆ ಬಾಯಿ ಇರುವಾಗ. ಮೆಥೋಡಿಸ್ಟ್ ಸಭೆಯವರೂ ಇಲ್ಲಿದ್ದೀರಿ, ಈ ವಚನ ಕಥೋಲಿಕರಿಗೂ ನಿಮಗೂ ಒಂದೇ.

ಕಥೋಲಿಕರ ಕ್ರಮ ಹೀಗೆ: ಮೊದಲು ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು, ಆಗ ಮನೆಯವರು ಹೊರಗೆ. ಹೊರಗೆ ಅಂದರೆ ಬಾಗಿಲಾಚೆ, ಪರದೆ ಹಿಂದೆ ಅಲ್ಲ. ಆಮೇಲೆ ಹಣೆಗೂ ಅಂಗೈಗಳಿಗೂ ಅಭ್ಯಂಗ, ಅಂದರೆ ಪವಿತ್ರ ಎಣ್ಣೆ ಹಚ್ಚುವುದು. ಹಿಂದೆ ಕಣ್ಣು, ಕಿವಿ, ಮೂಗು, ಬಾಯಿಗೂ ಎಣ್ಣೆ ಹಚ್ಚುತ್ತಿದ್ದರು, 1972ರಲ್ಲಿ ಆರನೆಯ ಪೌಲ್ ಪೋಪರು ಸರಳ ಮಾಡಿದರು. ಕೊನೆಗೆ ಪ್ರಸಾದ, ಅಂದರೆ ಯೇಸುವಿನ ಶರೀರವೆಂದು ಕೊಡುವ ರೊಟ್ಟಿ. ನುಂಗಲು ಕಷ್ಟವಾದರೆ ಚೂರು ಸಾಕು, ಮೊದಲೇ ಹೇಳಿದರೆ ದ್ರಾಕ್ಷಾರಸದ ರೂಪದಲ್ಲೂ ಕೊಡಬಹುದು. ಪ್ರಜ್ಞೆ ತಪ್ಪಿದವರಿಗೂ ಅಭ್ಯಂಗ ಉಂಟು. ಆದರೆ ಅವರು ತಮ್ಮನ ಹತ್ತಿರ "ತಪ್ಪಾಯ್ತು" ಅನ್ನಲಾರರು, ಹೊಲದ ಬದುವಿನ ಜಗಳ ಹಾಗೇ ಉಳಿಯುತ್ತದೆ. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಬಿಗಡಾಯಿಸಿದರೆ, ಇನ್ನೊಮ್ಮೆ ಪಡೆಯಬಹುದು. ಒಂದೇ ಸಲ ಅಂತ ಕೂಡಿಡುವ ಸರಕಲ್ಲ ಅದು.

ಭಾಷೆಯ ಮಾತೂ ಉಂಟು. ನಮ್ಮ ಮನೆಗಳಲ್ಲಿ ಕೊಂಕಣಿ, ಮರಾಠಿ, ಕನ್ನಡ ಬೆರೆತಿವೆ. ರೋಗಿ ಯಾವುದರಲ್ಲಿ ಜಪಮಾಲೆ ಹೇಳುತ್ತಾರೋ ಆ ಭಾಷೆ ಬಲ್ಲ ಗುರುಗಳನ್ನೇ ಕೇಳಿ. ಚರ್ಚಿಗೆ ಫೋನು ಮಾಡುವಾಗ ಆಸ್ಪತ್ರೆ, ವಾರ್ಡು, ಹಾಸಿಗೆ ನಂಬರು, ನುಂಗಲು ಆಗುತ್ತದೆಯೋ ಇಲ್ಲವೋ, ಇಷ್ಟು ಹೇಳಿ. ಅಳು ಆಮೇಲೆ.

ಕಲ್ಲೇಟಿಗೆ ಸತ್ತ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನ ಬಗ್ಗೆ ಅರ್ಧ ತಾಸು ಮಾತಾಡಬೇಕೆಂದಿದ್ದೆ. ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕಲ್ಲು ಬೀಳುವಾಗ ಅವನು ಮೊಣಕಾಲೂರಿ "ಈ ಪಾಪವನ್ನು ಅವರ ಮೇಲೆ ಹೊರಿಸಬೇಡ" ಅನ್ನುತ್ತಾನೆ. ಅಪೊಸ್ತಲರ ಕೃತ್ಯಗಳು 7:54ರಿಂದ 8:1ರವರೆಗೆ ಮನೆಯಲ್ಲಿ ಓದಿ. ಕಲ್ಲೆಸೆದವರ ಬಟ್ಟೆ ಯಾರ ಕಾಲ ಬಳಿ ಇತ್ತು ಅನ್ನುವುದನ್ನು ಮಾತ್ರ ಬಿಡಬೇಡಿ. ಪ್ರಶ್ನೆ ಇದ್ದವರು ಕೇಳಬಹುದು, ಮೈಕು ಈ ಕಡೆ ಕೊಡ್ರಿ.